ಪೆಪ್ಪರ್‌ಮಿಂಟ್ ಚಹಾ

ಪೆಪ್ಪರ್‌ಮಿಂಟ್ ಗಿಡದ ಒಣ ಅಥವಾ ಹಸಿ ಎಲೆಯ ಮೇಲೆ ಕುದಿನೀರು ಹೊಯ್ದು, ಸ್ವಲ್ಪ ಹೊತ್ತು ಮುಚ್ಚಿಟ್ಟು, ಸೋಸಿ ಕುಡಿಯುವ ಪಾನೀಯ. ಹೆಸರಿನಲ್ಲಿ ಚಹಾ ಎಂದಿದ್ದರೂ ಚಹಾ ಗಿಡದ ಎಲೆ ಇದರಲ್ಲಿಲ್ಲ. ಆದ್ದರಿಂದ ಕೆಫೀನ್ ಕೂಡ ಇಲ್ಲ. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಇದು ಕಷಾಯದ ಪೈಕಿ. ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ಉಂಡ ಮೇಲೆ ಹೊಟ್ಟೆ ಭಾರವಾದರೆ, ವಾಯು ತುಂಬಿ ನುಲಿದರೆ ಮೊದಲು ನೆನಪಾಗುವ ಮನೆಮದ್ದು ಇದೇ. ಈಚಿನ ವರ್ಷಗಳಲ್ಲಿ ಭಾರತದ ನಗರಗಳ ಅಂಗಡಿಗಳಲ್ಲೂ ಇದರ ಪೊಟ್ಟಣಗಳು ಕಾಣಿಸಿಕೊಂಡಿವೆ. ಆ ಪೊಟ್ಟಣಗಳ ಮೇಲೆ ತಲೆನೋವು, ನೆಗಡಿ, ನಿದ್ರಾಹೀನತೆಯಿಂದ ಹಿಡಿದು ತೂಕ ಇಳಿಸುವವರೆಗೆ ಹತ್ತಾರು ಗುಣಗಳ ಪಟ್ಟಿ ಇರುತ್ತದೆ. ಅವುಗಳಲ್ಲಿ ಹೆಚ್ಚಿನವು ಎಲೆಯಿಂದ ಭಟ್ಟಿ ಇಳಿಸಿದ ತೈಲಕ್ಕೆ ಸಲ್ಲಬೇಕಾದವು. ಕೆಲವು ಬೇರೊಂದು ಜಾತಿಯ ಪುದೀನಕ್ಕೆ ಸಲ್ಲಬೇಕಾದವು. ಲೋಟದ ಪಾಲಿಗೆ ಉಳಿಯುವ ಗುಣ ಸಣ್ಣದು, ಆದರೆ ನಿಜವಾದದ್ದು.

ಗಿಡ

ಪೆಪ್ಪರ್‌ಮಿಂಟ್ ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆಗಳ ಕುಟುಂಬವಾದ ಲ್ಯಾಮಿಯೇಸಿಗೆ ಸೇರಿದ ಬಹುವಾರ್ಷಿಕ ಮೂಲಿಕೆ. ಶಾಸ್ತ್ರೀಯ ಹೆಸರು ಮೆಂಥಾ ಪೈಪೆರಿಟಾ. ಇದೊಂದು ಸಂಕರ ಸಸ್ಯ. ಹಳ್ಳಕೊಳ್ಳಗಳ ಅಂಚಿನಲ್ಲಿ ಬೆಳೆಯುವ ನೀರುಪುದೀನ, ಅಂದರೆ ಮೆಂಥಾ ಅಕ್ವಾಟಿಕಾ, ಒಂದು ಕಡೆಯ ಮೂಲ. ನಮ್ಮ ಸಂತೆಗಳಲ್ಲಿ ಕಟ್ಟು ಕಟ್ಟಾಗಿ ಸಿಗುವ ಸಾಮಾನ್ಯ ಪುದೀನ, ಅಂದರೆ ಮೆಂಥಾ ಸ್ಪೈಕೇಟಾ, ಇನ್ನೊಂದು ಕಡೆಯದು. ಮೊದಲನೆಯದರಲ್ಲಿ 96 ವರ್ಣತಂತುಗಳು, ಎರಡನೆಯದರಲ್ಲಿ 48. ಒಂದೊಂದರ ಅರ್ಧ ಸೇರಿ ಪೆಪ್ಪರ್‌ಮಿಂಟಿನಲ್ಲಿ ಸಾಮಾನ್ಯವಾಗಿ 72. ಹೀಗೆ ಎರಡು ಮನೆಯಿಂದ ಬಂದ ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ಗಿಡ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ನೆಲದ ಮೇಲೆ ಹಬ್ಬುವ ಕಾಂಡಗಳನ್ನೋ ಕಡ್ಡಿಗಳನ್ನೋ ನೆಟ್ಟೇ ಇದನ್ನು ವೃದ್ಧಿ ಮಾಡಬೇಕು. ಪೆಪ್ಪರ್‌ಮಿಂಟ್ ಬೀಜ ಎಂದು ಆನ್‌ಲೈನಿನಲ್ಲಿ ಮಾರುವ ಪೊಟ್ಟಣಗಳಿಂದ ಏಳುವುದು ಬೇರೆ ಯಾವುದೋ ಪುದೀನವೇ ಹೊರತು ಇದಲ್ಲ.

ಸಾಮಾನ್ಯ ಪುದೀನಕ್ಕೂ ಪೆಪ್ಪರ್‌ಮಿಂಟಿಗೂ ವ್ಯತ್ಯಾಸ ಕಂಡುಹಿಡಿಯಲು ಎಲೆ ಕಾಂಡಕ್ಕೆ ಅಂಟಿಕೊಳ್ಳುವ ಜಾಗವನ್ನು ನೋಡಬೇಕು. ಸಂತೆಯ ಪುದೀನದ ಎಲೆಗೆ ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಎಲೆ ನೇರವಾಗಿ ಕಾಂಡಕ್ಕೇ ಕೂತಂತಿರುತ್ತದೆ. ಪೆಪ್ಪರ್‌ಮಿಂಟಿನ ಎಲೆಗೆ ಕಣ್ಣಿಗೆ ಕಾಣುವ ತೊಟ್ಟು ಇದೆ. ಕಾಂಡ ಎರಡರಲ್ಲೂ ಚೌಕಾಕಾರ. ಆದರೆ ಪೆಪ್ಪರ್‌ಮಿಂಟಿನ ಹಲವು ತಳಿಗಳಲ್ಲಿ ಕಾಂಡಕ್ಕೂ ಎಲೆಯ ನರಗಳಿಗೂ ನೇರಳೆ ಛಾಯೆ ಇರುತ್ತದೆ, ಎಲೆಯ ಹಸಿರೂ ಹೆಚ್ಚು ಕಡು. ಇಷ್ಟಾದ ಮೇಲೂ ಅನುಮಾನ ಉಳಿದರೆ ಎಲೆಯೊಂದನ್ನು ಅಗಿದು, ಬಾಯಿ ತೆರೆದು ಉಸಿರು ಒಳಗೆಳೆಯಬೇಕು. ಮೊದಲು ಮೆಣಸಿನಂಥ ಚುರುಕು, ಹಿಂದೆಯೇ ನಾಲಿಗೆ ಗಂಟಲು ತಣ್ಣಗಾದರೆ ಅದು ಪೆಪ್ಪರ್‌ಮಿಂಟ್. ಚಟ್ನಿಯ ಪುದೀನದಲ್ಲಿ ಪರಿಮಳ ಎಷ್ಟಿದ್ದರೂ ಆ ತಣ್ಪು ಬರುವುದಿಲ್ಲ.

ಇತಿಹಾಸ

ಪೆಪ್ಪರ್‌ಮಿಂಟ್ ಎಲೆಗಳು ಈಜಿಪ್ಟಿನ ಪಿರಮಿಡ್ಡುಗಳಲ್ಲಿ ಸಿಕ್ಕಿವೆ, ಗ್ರೀಕರೂ ರೋಮನ್ನರೂ ಇದನ್ನೇ ಬಳಸುತ್ತಿದ್ದರು ಎಂಬ ಮಾತು ಜನಪ್ರಿಯ ಪುಸ್ತಕಗಳಲ್ಲಿ ಧಾರಾಳವಾಗಿ ಬರುತ್ತದೆ. ಮೆಂಥಾ ಕುಲದ ಸಸ್ಯಗಳನ್ನು ಪ್ರಾಚೀನರು ಬಳಸಿದ್ದು ನಿಜ. ಆದರೆ ಪೆಪ್ಪರ್‌ಮಿಂಟನ್ನು ಪ್ರತ್ಯೇಕ ಗಿಡವೆಂದು ಗುರುತಿಸಿ ವರ್ಣಿಸಿದ ದಾಖಲೆ 17ನೇ ಶತಮಾನದ ಕೊನೆಗೆ ಮುಂಚೆ ಇಲ್ಲ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಈಲ್ಸ್ ಎಂಬ ವೈದ್ಯ ಕಂಡ ಈ ಗಿಡವನ್ನು ಸಸ್ಯಶಾಸ್ತ್ರಜ್ಞ ಜಾನ್ ರೇ 1696ರಲ್ಲಿ ತನ್ನ ಗ್ರಂಥಕ್ಕೆ ಸೇರಿಸಿದ. ಅದರ ಮೆಣಸಿನ ಚುರುಕೇ ಅವನ ಗಮನ ಸೆಳೆದ ಲಕ್ಷಣ. 1721ರ ಹೊತ್ತಿಗೆ ಲಂಡನ್ನಿನ ಔಷಧಕೋಶದಲ್ಲಿ ಜಾಗ ಸಿಕ್ಕಿತು. 1753ರಲ್ಲಿ ಲಿನೇಯಸ್ ಈಗಿನ ಹೆಸರಿಟ್ಟ; ಅವನು ಇದನ್ನು ಸಂಕರವೆಂದು ತಿಳಿಯದೆ ಪ್ರತ್ಯೇಕ ಪ್ರಭೇದವಾಗಿಯೇ ಎಣಿಸಿದ್ದ.

ಹೊಲದ ಬೆಳೆಯಾಗಿ ಇದು ನೆಲೆ ಕಂಡದ್ದು ಲಂಡನ್ನಿಗೆ ದಕ್ಷಿಣದ ಮಿಚಮ್ ಎಂಬ ಊರಿನಲ್ಲಿ, 18ನೇ ಶತಮಾನದ ನಡುಭಾಗದಿಂದೀಚೆಗೆ. ಊರು ಲಂಡನ್ನಿನೊಳಗೆ ಕರಗಿಹೋಗಿ ಹೊಲಗಳೆಲ್ಲ ಮನೆಗಳಾದರೂ ಹೆಸರು ಮಾತ್ರ ಗಿಡಕ್ಕೆ ಅಂಟಿಕೊಂಡಿತು. ನೇರಳೆ ಕಾಂಡದ ಕಪ್ಪು ಮಿಚಮ್ ತಳಿಯೇ ಇಂದಿಗೂ ಜಗತ್ತಿನ ಪೆಪ್ಪರ್‌ಮಿಂಟ್ ಬೇಸಾಯದ ಮುಖ್ಯ ಮೂಲ. ಹಸಿರು ಕಾಂಡದ ಬಿಳಿ ಮಿಚಮ್ ಇಳುವರಿಯಲ್ಲಿ ಹಿಂದೆ, ಪರಿಮಳದಲ್ಲಿ ನಯ. ವಲಸೆಗಾರರೊಡನೆ ಗಿಡ ಅಮೆರಿಕಕ್ಕೆ ಹೋಯಿತು. ನ್ಯೂಯಾರ್ಕ್ ರಾಜ್ಯದ ಲೈಯನ್ಸ್ ಊರಿನ ಹಾಚ್‌ಕಿಸ್ ಎಂಬ ವ್ಯಾಪಾರಿಯ ತೈಲಕ್ಕೆ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಬಂತು. ಆಮೇಲೆ ಬೆಳೆ ಮಿಷಿಗನ್ನಿಗೆ ಸರಿಯಿತು. ಅಲ್ಲಿನ ಕಲಾಮಜೂ ಪಟ್ಟಣದ ಆಲ್ಬರ್ಟ್ ಟಾಡ್‌ನನ್ನು ಜನ ಪೆಪ್ಪರ್‌ಮಿಂಟ್ ದೊರೆ ಎಂದೇ ಕರೆಯುತ್ತಿದ್ದರು.

ಬೀಜವಿಲ್ಲದ ಬೆಳೆಯ ದೊಡ್ಡ ಅಪಾಯ ಮಿಷಿಗನ್ನಿನಲ್ಲಿ ಬಯಲಾಯಿತು. ಕಡ್ಡಿಯಿಂದ ಕಡ್ಡಿಗೆ ಬಂದ ಗಿಡಗಳೆಲ್ಲ ಒಂದೇ ಅಚ್ಚಿನವು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. ವರ್ಟಿಸಿಲಿಯಮ್ ಎಂಬ ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗ 20ನೇ ಶತಮಾನದ ಮೊದಲರ್ಧದಲ್ಲಿ ಅಲ್ಲಿನ ಹೊಲಗಳನ್ನು ಹಾಳುಗೆಡವಿತು. ಬೀಜವೇ ಇಲ್ಲದ ಗಿಡದಲ್ಲಿ ಮಾಮೂಲಿ ತಳಿ ಸಂವರ್ಧನೆ ಸಾಧ್ಯವಿರಲಿಲ್ಲ. ಹಬ್ಬುಕಾಂಡಗಳನ್ನು ವಿಕಿರಣಕ್ಕೊಡ್ಡಿ, ಹುಟ್ಟಿದ ಅಸಂಖ್ಯ ಗಿಡಗಳನ್ನು ರೋಗದ ಮಣ್ಣಿನಲ್ಲೇ ನೆಟ್ಟು, ಉಳಿದುಕೊಂಡವುಗಳನ್ನು ಆರಿಸುತ್ತ ಹೋಗಿ, ಕೊನೆಗೆ 1971ರಲ್ಲಿ ಟಾಡ್ಸ್ ಮಿಚಮ್ ಎಂಬ ರೋಗ ಸಹಿಸುವ ತಳಿಯನ್ನು ಹೊರತಂದರು. ಅಷ್ಟರಲ್ಲಿ ಬೇಸಾಯದ ಬಹುಭಾಗ ಪಶ್ಚಿಮದ ಆರಿಗನ್, ವಾಷಿಂಗ್ಟನ್, ಐಡಾಹೊ ರಾಜ್ಯಗಳಿಗೆ ಸಾಗಿತ್ತು. ಅಮೆರಿಕದ ಬೆಳೆ ಮುಖ್ಯವಾಗಿ ಚ್ಯೂಯಿಂಗ್ ಗಮ್ ಮತ್ತು ಟೂತ್‌ಪೇಸ್ಟಿಗೆ ಹೋಗುವ ತೈಲಕ್ಕಾಗಿ. ಎಲೆಯನ್ನು ಎಲೆಯಾಗಿಯೇ ಒಣಗಿಸಿ ಕುಡಿಯುವ ರೂಢಿ ಗಟ್ಟಿಯಾಗಿ ಬೇರೂರಿದ್ದು ಮಧ್ಯ ಯುರೋಪಿನಲ್ಲಿ. ಜರ್ಮನಿಯ ಮ್ಯೂನಿಕ್ ನಗರದ ಪಕ್ಕದ ಐಖೆನಾವು ಊರಿನಲ್ಲಿ ಈ ಒಂದು ಬೆಳೆಗಾಗಿಯೇ ಮ್ಯೂಸಿಯಂ ಇದೆ.

ಮೊರಾಕ್ಕೊ ದೇಶದ ಹೆಸರುವಾಸಿ ಪುದೀನ ಚಹಾವನ್ನು ಇದರೊಡನೆ ಬೆರೆಸಬಾರದು. ಅದು ಗುಂಡು ಗುಂಡಾಗಿ ಸುರುಳಿಗಟ್ಟಿದ ಚೀನಾದ ಹಸಿರು ಚಹಾಕ್ಕೆ ಸಾಮಾನ್ಯ ಪುದೀನವನ್ನೂ ಬೇಕಾದಷ್ಟು ಸಕ್ಕರೆಯನ್ನೂ ಸೇರಿಸಿ ಮಾಡಿದ್ದು. ಅದರಲ್ಲಿ ಕೆಫೀನ್ ಇದೆ, ಮೆಂಥಾಲ್ ಇಲ್ಲವೆನ್ನಬಹುದು.

ಎಲೆಯೊಳಗಿನ ರಸಾಯನ

ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ, ಅದರಲ್ಲೂ ತಳಭಾಗದಲ್ಲಿ, ಹೊಳೆಯುವ ಸಣ್ಣ ಚುಕ್ಕೆಗಳು ಕಾಣುತ್ತವೆ. ಇವು ತೈಲದ ಗ್ರಂಥಿಗಳು. ಕೆಲವೇ ಜೀವಕೋಶಗಳ ಒಂದು ಬಿಲ್ಲೆ, ಅದರ ಮೇಲೆ ತೆಳು ಪೊರೆ, ನಡುವೆ ತೈಲ. ಬೆರಳು ಸೋಕಿದರೆ ಪೊರೆ ಒಡೆದು ವಾಸನೆ ಹೊಮ್ಮುತ್ತದೆ. ಈ ಗ್ರಂಥಿಗಳಲ್ಲಿ ಮೊದಲು ತಯಾರಾಗುವುದು ಲಿಮೋನೀನ್. ಅದು ಹಂತ ಹಂತವಾಗಿ ಪುಲೆಗೋನ್, ಮೆಂಥೋನ್ ಆಗಿ ಕೊನೆಗೆ ಮೆಂಥಾಲ್ ಆಗುತ್ತದೆ. ಎಳೆಯ ಎಲೆಯಲ್ಲಿ ಮೆಂಥೋನ್ ಹೆಚ್ಚು, ಬಲಿತ ಎಲೆಯಲ್ಲಿ ಮೆಂಥಾಲ್ ಹೆಚ್ಚು. ಹೂ ಬಿಡಲು ಶುರುವಾಗುವ ಹೊತ್ತಿಗೆ ಕೊಯ್ಲು ಮಾಡುವ ವಾಡಿಕೆಗೆ ಇದೇ ಕಾರಣ. ಉತ್ತಮ ತೈಲದಲ್ಲಿ ಮೆಂಥಾಲಿನ ಪಾಲು ಶೇ. 30ರಿಂದ 55, ಮೆಂಥೋನಿನದು ಶೇ. 14ರಿಂದ 32 ಇರಬೇಕೆಂದು ಯುರೋಪಿನ ಔಷಧಕೋಶ ಹೇಳುತ್ತದೆ.

ಸಾಮಾನ್ಯ ಪುದೀನವೂ ಲಿಮೋನೀನ್‌ನಿಂದಲೇ ಹೊರಡುತ್ತದೆ. ಆದರೆ ಅದರ ಕಿಣ್ವ ಲಿಮೋನೀನಿನ ಉಂಗುರದಲ್ಲಿ ಬೇರೊಂದು ಇಂಗಾಲಕ್ಕೆ ಆಮ್ಲಜನಕವನ್ನು ಕೂಡಿಸುತ್ತದೆ. ಹಾದಿ ಅಲ್ಲೇ ಕವಲೊಡೆದು ಕಾರ್ವೋನ್ ಎಂಬ ಬೇರೆ ಪರಿಮಳಕ್ಕೆ ಮುಟ್ಟುತ್ತದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಾಡ್ನಿ ಕ್ರೋಟೊ ಅವರ ಪ್ರಯೋಗಾಲಯ ಈ ಹಾದಿಯನ್ನು ದಶಕಗಳ ಕಾಲ ಬಿಡಿಸಿ ನೋಡಿತು. ಪುದೀನದ ಆ ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಿಸಿದರೆ ಸಾಕು, ಅದು ಪೆಪ್ಪರ್‌ಮಿಂಟಿನ ಕಿಣ್ವದಂತೆ ಕೆಲಸ ಮಾಡುತ್ತದೆ ಎಂದು 2000ದಲ್ಲಿ ಅವರು ತೋರಿಸಿದರು. ಚಟ್ನಿಯ ಎಲೆಗೂ ಮದ್ದಿನ ಎಲೆಗೂ ನಡುವಿನ ಅಂತರ ಇಷ್ಟೇ ಎಂದರೆ ತಪ್ಪಾಗದು.

ಮೆಂಥಾಲ್ ಯಾವುದನ್ನೂ ತಣ್ಣಗೆ ಮಾಡುವುದಿಲ್ಲ. ಬಿಸಿಬಿಸಿ ಪೆಪ್ಪರ್‌ಮಿಂಟ್ ಚಹಾ ಕುಡಿದಾಗಲೂ ಗಂಟಲಿಗೆ ತಣ್ಪು ಎನಿಸುವುದು ನರಗಳ ಮಟ್ಟದ ಮೋಸ. ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದಾಗ ತೆರೆದುಕೊಳ್ಳುವ ಟಿಆರ್‌ಪಿಎಂ8 ಎಂಬ ಗ್ರಾಹಕ ನಮ್ಮ ಚರ್ಮ, ಬಾಯಿ, ಮೂಗಿನ ನರತುದಿಗಳಲ್ಲಿದೆ. ಮೆಂಥಾಲ್ ತಗಲಿದರೂ ಅದು ತೆರೆದುಕೊಳ್ಳುತ್ತದೆ. ಮಿದುಳಿಗೆ ಚಳಿಯ ಸುದ್ದಿ ಮುಟ್ಟುತ್ತದೆ. 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಮೆಣಸಿನಕಾಯಿಯ ಖಾರ ಬಿಸಿಯಾಗಿ ಸುಡುವುದೇಕೆಂಬುದನ್ನು ಜೂಲಿಯಸ್ 1997ರಲ್ಲೇ ಇದೇ ಬಗೆಯ ಇನ್ನೊಂದು ಗ್ರಾಹಕದಿಂದ ವಿವರಿಸಿದ್ದರು. 2021ರಲ್ಲಿ ಇಬ್ಬರಿಗೂ ವೈದ್ಯಶಾಸ್ತ್ರದ ನೊಬೆಲ್ ಬಂತು.

ಹೊಟ್ಟೆಗೆ ಸಂಬಂಧಿಸಿದ ಗುಣ ಇನ್ನೊಂದು ದಾರಿಯದು. ಕರುಳಿನ ಗೋಡೆಯ ಅನೈಚ್ಛಿಕ ಸ್ನಾಯು ಬಿಗಿಯಬೇಕಾದರೆ ಅದರ ಕೋಶಗಳೊಳಗೆ ಕ್ಯಾಲ್ಸಿಯಂ ಹೋಗಬೇಕು. ಮೆಂಥಾಲ್ ಆ ದಾರಿಯನ್ನು ಭಾಗಶಃ ತಡೆಯುವುದರಿಂದ ಸ್ನಾಯು ಸಡಿಲವಾಗುತ್ತದೆ, ನುಲಿತ ತಗ್ಗುತ್ತದೆ. ಜಪಾನಿನ ವೈದ್ಯರು ಎಂಡೋಸ್ಕೋಪಿ ಮಾಡುವಾಗ ಜಠರ ಅಲುಗಾಡದಿರಲೆಂದು ಅದರ ಗೋಡೆಗೆ ಮೆಂಥಾಲ್ ದ್ರಾವಣ ಸಿಂಪಡಿಸುವುದೂ ಇದೇ ಗುಣವನ್ನು ನಂಬಿ.

ಲೋಟಕ್ಕೆ ಎಷ್ಟು ಬರುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಏಕೆಂದರೆ ಚಹಾದ ಬಗೆಗಿನ ಬಹುತೇಕ ಉತ್ಪ್ರೇಕ್ಷೆ ಈ ಲೆಕ್ಕ ಮಾಡದಿರುವುದರಿಂದಲೇ ಹುಟ್ಟುತ್ತದೆ. ಔಷಧಕೋಶದ ಮಟ್ಟದ ಇಡೀ ಒಣ ಎಲೆಯ ಒಂದು ಕಿಲೋದಲ್ಲಿ ಕನಿಷ್ಠ 12 ಮಿಲಿಲೀಟರ್ ತೈಲ ಇರಬೇಕು. ಒಂದು ಲೋಟಕ್ಕೆ 2 ಗ್ರಾಂ ಎಲೆ ಹಾಕಿದರೆ ಅದರಲ್ಲಿ ಸುಮಾರು 20 ಮಿಲಿಗ್ರಾಂ ತೈಲ ಇದ್ದಂತಾಯಿತು. ತೈಲ ನೀರಿನಲ್ಲಿ ಸುಲಭವಾಗಿ ಬೆರೆಯದು; ಎಲೆಯಲ್ಲಿರುವುದರ ಐದನೇ ಒಂದು ಭಾಗದಷ್ಟು ಮಾತ್ರ ನೀರಿಗಿಳಿಯುತ್ತದೆ. ಅಂದರೆ ಲೋಟದಲ್ಲಿ 4-5 ಮಿಲಿಗ್ರಾಂ. ಕರುಳಿನ ತೊಂದರೆಗೆ ವೈದ್ಯರು ಕೊಡುವ ಪೆಪ್ಪರ್‌ಮಿಂಟ್ ತೈಲದ ಒಂದು ಕ್ಯಾಪ್ಸೂಲಿನಲ್ಲಿ ಸಾಮಾನ್ಯವಾಗಿ 180 ಮಿಲಿಗ್ರಾಂ ಆಸುಪಾಸು ಇರುತ್ತದೆ. ಒಂದು ಕ್ಯಾಪ್ಸೂಲಿನ ತೈಲ ಸಿಗಬೇಕಾದರೆ ಹತ್ತಿರ ಹತ್ತಿರ ನಲವತ್ತು ಲೋಟ ಕುಡಿಯಬೇಕು.

ನೀರಿಗೆ ಚೆನ್ನಾಗಿ ಇಳಿಯುವುದು ತೈಲವಲ್ಲದ ಭಾಗ. ಎರಿಯೊಸಿಟ್ರಿನ್, ರೋಸ್ಮರಿನಿಕ್ ಆಮ್ಲ, ಹೆಸ್ಪೆರಿಡಿನ್ ಮುಂತಾದ ಪಾಲಿಫೀನಾಲುಗಳಲ್ಲಿ ಮುಕ್ಕಾಲು ಪಾಲು ಲೋಟಕ್ಕೆ ಬರುತ್ತದೆ. ಚಹಾದ ತಿಳಿ ಹೊಂಬಣ್ಣಕ್ಕೂ ಕೊನೆಯಲ್ಲಿ ನಾಲಿಗೆಗೆ ಹತ್ತುವ ಸಣ್ಣ ಒಗರಿಗೂ ಇವೇ ಕಾರಣ. ಪ್ರಯೋಗಾಲಯದ ಬಟ್ಟಲುಗಳಲ್ಲಿ ಇವು ಉತ್ಕರ್ಷಣ ನಿರೋಧಕಗಳಾಗಿ ಕೆಲಸ ಮಾಡುತ್ತವೆ. ಮನುಷ್ಯನ ಮೈಯಲ್ಲಿ ಅದರಿಂದ ಏನು ಲಾಭ ಎಂಬುದಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ.

ತಯಾರಿಕೆಯಲ್ಲಿ ಗಮನಿಸಬೇಕಾದ್ದು ಮುಚ್ಚಳ. ಮೆಂಥಾಲ್ ಹಬೆಯೊಡನೆ ಹಾರಿಹೋಗುವ ವಸ್ತು. ಪಾತ್ರೆ ತೆರೆದಿಟ್ಟು ಎಲೆಯನ್ನು ಕುದಿಸಿದರೆ ಅಡುಗೆಮನೆ ಘಮಘಮಿಸುತ್ತದೆ, ಲೋಟ ಸಪ್ಪೆಯಾಗುತ್ತದೆ. ಒಣ ಎಲೆಯನ್ನು ಹಾಕುವ ಮುನ್ನವಷ್ಟೇ ಅಂಗೈಯಲ್ಲಿ ಹಿಸುಕಿ, ಒಂದು ಲೋಟಕ್ಕೆ ಒಂದು ದೊಡ್ಡ ಚಮಚದಂತೆ ಹಾಕಿ, ಒಲೆಯಿಂದ ಆಗಷ್ಟೇ ಇಳಿಸಿದ ನೀರು ಹೊಯ್ದು, ತಟ್ಟೆ ಮುಚ್ಚಿ, 5ರಿಂದ 10 ನಿಮಿಷ ಬಿಡಬೇಕು. ತೆರೆಯುವಾಗ ತಟ್ಟೆಯ ತಳಕ್ಕೆ ಕಟ್ಟಿದ ಹನಿಗಳನ್ನು ಲೋಟಕ್ಕೇ ಬಸಿಯುವುದು ಜಾಣತನ. ಹಾರಿದ ತೈಲದ ಒಂದು ಪಾಲು ಅಲ್ಲಿರುತ್ತದೆ. ಹಸಿ ಎಲೆಯಾದರೆ ನೀರಿನ ಅಂಶ ಹೆಚ್ಚಿರುವುದರಿಂದ ಒಂದು ಹಿಡಿ ಬೇಕಾಗುತ್ತದೆ. ಹಾಲು ಹಾಕುವ ಅಭ್ಯಾಸ ಇದಕ್ಕೆ ಒಗ್ಗದು: ಮೆಂಥಾಲ್ ಕೊಬ್ಬಿನಲ್ಲಿ ಕರಗುವುದರಿಂದ ಹಾಲಿನ ಜಿಡ್ಡು ಅದನ್ನು ಹಿಡಿದುಕೊಂಡು ಚುರುಕು ಮಂಕಾಗುತ್ತದೆ. ಬೆಲ್ಲಕ್ಕಿಂತ ಜೇನು, ಜೇನಿಗಿಂತ ಏನೂ ಇಲ್ಲದಿರುವುದು ಮೇಲು ಎಂಬುದು ಈ ಲೇಖಕನ ನಾಲಿಗೆಯ ತೀರ್ಪು. ಚಹಾಚೀಲಗಳಲ್ಲಿ ತುಂಬುವ ಪುಡಿಎಲೆಯಲ್ಲಿ ಗ್ರಂಥಿಗಳು ಮೊದಲೇ ಒಡೆದಿರುತ್ತವೆ. ಕತ್ತರಿಸಿದ ಎಲೆಗೆ ಔಷಧಕೋಶವೇ ತೈಲದ ಮಿತಿಯನ್ನು ಕಿಲೋಗೆ 9 ಮಿಲಿಲೀಟರಿಗೆ ಇಳಿಸಿ ರಿಯಾಯಿತಿ ಕೊಟ್ಟಿದೆ.

ಉಪಯೋಗಗಳು

ಯುರೋಪಿನ ಔಷಧ ಸಂಸ್ಥೆ ಪೆಪ್ಪರ್‌ಮಿಂಟನ್ನು ಎರಡು ದರ್ಜೆಯಲ್ಲಿಟ್ಟಿದೆ. ತೈಲಕ್ಕೆ ಪ್ರಯೋಗಗಳ ಆಧಾರವಿರುವ ಔಷಧದ ಸ್ಥಾನ. ಎಲೆಗೆ ದೀರ್ಘಕಾಲದ ಬಳಕೆಯನ್ನು ಗೌರವಿಸಿ ಕೊಟ್ಟ ಸಾಂಪ್ರದಾಯಿಕ ಮದ್ದಿನ ಸ್ಥಾನ. ಎಲೆಯ ಚಹಾವನ್ನು ಅಜೀರ್ಣ ಮತ್ತು ವಾಯುವಿಗೆ ಬಳಸಬಹುದು, ದೊಡ್ಡವರು 1.5ರಿಂದ 3 ಗ್ರಾಂ ಎಲೆಯನ್ನು 100-150 ಮಿಲಿಲೀಟರ್ ನೀರಿನಲ್ಲಿ ನೆನೆಸಿ ದಿನಕ್ಕೆ ಮೂರು ಸಲ ಕುಡಿಯಬಹುದು, ಎರಡು ವಾರ ಮೀರಿದರೂ ತೊಂದರೆ ಹೋಗದಿದ್ದರೆ ವೈದ್ಯರನ್ನು ಕಾಣಬೇಕು ಎಂಬುದು ಅದರ ಮಾತು. ಇದಕ್ಕಿಂತ ಹೆಚ್ಚಿನದನ್ನು ಅದು ಎಲೆಯ ಪರವಾಗಿ ಹೇಳಿಲ್ಲ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಮೆಕೇ ಮತ್ತು ಬ್ಲಂಬರ್ಗ್ 2006ರಲ್ಲಿ ಇದ್ದಬದ್ದ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿದಾಗಲೂ ಎದ್ದು ಕಂಡದ್ದು ಇದೇ ಕೊರತೆ: ಪ್ರಯೋಗಾಲಯದ ಕೆಲಸ ಬೇಕಾದಷ್ಟಿದೆ, ಚಹಾವನ್ನೇ ಮನುಷ್ಯರಿಗೆ ಕುಡಿಸಿ ನೋಡಿದ ಕೆಲಸ ತೀರ ಕಡಿಮೆ.

ಹಾಗೆಂದು ಊಟದ ನಂತರದ ಲೋಟ ನಿಷ್ಪ್ರಯೋಜಕವಲ್ಲ. ಬಾಯಿಯಿಂದ ಇಳಿಯುವ ಚಹಾದ ಮೆಂಥಾಲ್ ಮೊದಲು ಮುಟ್ಟುವುದು ಅನ್ನನಾಳ ಮತ್ತು ಜಠರವನ್ನೇ. ಪ್ರಮಾಣ ಸಣ್ಣದಾದರೂ ಕೆಲಸ ಮಾಡಬೇಕಾದ ಜಾಗಕ್ಕೆ ನೇರವಾಗಿ ಹೋಗುತ್ತದೆ. ತೇಗು ಬಂದು ಹೊಟ್ಟೆ ಹಗುರಾಗುವುದು ಇದರಿಂದಲೇ. ಬಿಸಿನೀರಿನ ಪಾಲೂ ಇದರಲ್ಲಿ ಇಲ್ಲದಿಲ್ಲ. ಜೀರಿಗೆ ಕಷಾಯವನ್ನೋ ಓಮದ ನೀರನ್ನೋ ಮಾಡಿ ಕುಡಿದು ಸಮಾಧಾನ ಕಾಣುವ ಮನೆಯವರು ಅದನ್ನು ಬಿಟ್ಟು ದುಬಾರಿ ಪೊಟ್ಟಣಕ್ಕೆ ಹೋಗಬೇಕಾದ ಅಗತ್ಯ ಮಾತ್ರ ಕಾಣುವುದಿಲ್ಲ.

ಕೆರಳುವ ಕರುಳಿನ ತೊಂದರೆ, ಅಂದರೆ ಐಬಿಎಸ್, ಇರುವವರಿಗೆ ಪೆಪ್ಪರ್‌ಮಿಂಟ್ ಒಳ್ಳೆಯದು ಎಂಬ ಮಾತಿಗೆ ನಿಜವಾದ ಆಧಾರವಿದೆ. ಆದರೆ ಅದೆಲ್ಲ ಜಠರದಲ್ಲಿ ಕರಗದೆ ಕರುಳಿಗೆ ಹೋಗಿ ಒಡೆಯುವಂತೆ ಮಾಡಿದ ತೈಲದ ಕ್ಯಾಪ್ಸೂಲುಗಳದು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ 4 ಪ್ರಯೋಗಗಳ 392 ರೋಗಿಗಳನ್ನು ಒಟ್ಟಾಗಿ ನೋಡಿ ಸ್ಪಷ್ಟ ಲಾಭ ಕಂಡಿತು. 2020ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ 190 ರೋಗಿಗಳ ಪ್ರಯೋಗದಲ್ಲಿ ಮೊದಲೇ ಗೊತ್ತುಮಾಡಿಕೊಂಡಿದ್ದ ಮುಖ್ಯ ಅಳತೆಯಲ್ಲಿ ತೈಲ ಹುಸಿಗುಳಿಗೆಗಿಂತ ಮೇಲಾಗಿ ನಿಲ್ಲಲಿಲ್ಲ, ಹೊಟ್ಟೆನೋವಿನಂಥ ಕೆಲವು ಉಪ ಅಳತೆಗಳಲ್ಲಿ ಮಾತ್ರ ಸುಧಾರಣೆ ಕಂಡಿತು. ಅಮೆರಿಕದ ಜಠರಕರುಳು ತಜ್ಞರ ಸಂಘ 2021ರಲ್ಲಿ ಪೆಪ್ಪರ್‌ಮಿಂಟನ್ನು ಸೂಚಿಸಿತಾದರೂ ಆಧಾರ ದುರ್ಬಲ ಎಂಬ ಷರಾ ಜೊತೆಗಿಟ್ಟಿತು. ಮೇಲಿನ ನಲವತ್ತು ಲೋಟದ ಲೆಕ್ಕವನ್ನು ನೆನೆದರೆ ಈ ಫಲಿತಾಂಶಗಳನ್ನು ಚಹಾದ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

ತಲೆನೋವಿನ ಕಥೆಯೂ ಹೀಗೆಯೇ. ಜರ್ಮನಿಯ ಗೋಬೆಲ್ ಮತ್ತು ಸಂಗಡಿಗರು 1996ರಲ್ಲಿ, ಶೇ. 10ರ ಪೆಪ್ಪರ್‌ಮಿಂಟ್ ತೈಲದ ಮದ್ಯಸಾರ ದ್ರಾವಣವನ್ನು ಹಣೆ ಮತ್ತು ಕಣತಲೆಗಳಿಗೆ ಹಚ್ಚಿದರೆ ಒತ್ತಡದ ತಲೆನೋವಿಗೆ 1 ಗ್ರಾಂ ಪ್ಯಾರಸಿಟಮಾಲ್‌ನಷ್ಟೇ ಶಮನ ಸಿಗುತ್ತದೆಂದು ತೋರಿಸಿದರು. ಅಮೃತಾಂಜನ ಹಚ್ಚಿಕೊಳ್ಳುವ ನಮ್ಮ ಮನೆಗಳಿಗೆ ಇದು ಹೊಸ ಸುದ್ದಿಯಲ್ಲ. ಆ ಡಬ್ಬಿಯಲ್ಲೂ ಮೆಂಥಾಲ್ ಇದೆ. ಚಹಾ ಕುಡಿದರೆ ತಲೆನೋವು ಹೋಗುತ್ತದೆ ಎನ್ನಲು ಈ ಪ್ರಯೋಗ ಸಾಕ್ಷಿಯಲ್ಲ.

ನೆಗಡಿಯಲ್ಲಿ ಲೋಟದ ಹಬೆ ಎಳೆದುಕೊಂಡರೆ ಮೂಗು ಬಿಟ್ಟಂತಾಗುತ್ತದೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರಾನ್ ಎಕಲ್ಸ್ ಮೆಂಥಾಲಿನ ಪರಿಣಾಮವನ್ನು ಅಳೆದು ನೋಡಿದಾಗ ಮೂಗಿನ ದಾರಿ ನಿಜವಾಗಿ ಅಗಲವಾಗಿರಲಿಲ್ಲ. ತಣ್ಪಿನ ಗ್ರಾಹಕ ಕೆರಳಿ ಗಾಳಿ ಸರಾಗವಾಗಿ ಹೋದ ಭಾವನೆ ಮಾತ್ರ ಹೆಚ್ಚಿತ್ತು. ಭಾವನೆಯೇ ಆದರೂ ರಾತ್ರಿ ಮೂಗು ಕಟ್ಟಿ ಕೂತವರಿಗೆ ಅದೇನು ಸಣ್ಣ ಉಪಕಾರವಲ್ಲ. ನಿದ್ರೆಗೆ ಇದು ಮದ್ದು ಎನ್ನಲಾಗದು. ಸಂಜೆಯ ಕಾಫಿಯ ಬದಲು ಇದನ್ನು ಕುಡಿದವರಿಗೆ ಕೆಫೀನ್ ಇಲ್ಲದ ಕಾರಣಕ್ಕೇ ಬೇಗ ನಿದ್ದೆ ಹತ್ತಬಹುದು. ತೂಕ ಇಳಿಯುವುದೂ ಅಷ್ಟೇ: ಸಕ್ಕರೆ ಹಾಲು ಹಾಕಿದ ಪಾನೀಯವೊಂದು ದಿನದಿಂದ ಬಿಟ್ಟುಹೋದರೆ ಆಗುವ ಉಳಿತಾಯ ಅದು.

ಹೆಂಗಸರಲ್ಲಿ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆಯಿಂದ ಮುಖದ ಮೇಲೆ ಕೂದಲು ಬೆಳೆಯುವುದಕ್ಕೆ ಪೆಪ್ಪರ್‌ಮಿಂಟ್ ಚಹಾ ಪರಿಹಾರ ಎಂಬ ಸಲಹೆ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಇದು ಗಿಡ ಅದಲುಬದಲಾಗಿ ಹುಟ್ಟಿದ ತಪ್ಪು. ಟರ್ಕಿಯಲ್ಲಿ 2007ರಲ್ಲಿ, ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನಗಳೆರಡೂ ಸಾಮಾನ್ಯ ಪುದೀನದ ಚಹಾ ಕುರಿತವು. ಎರಡರಲ್ಲೂ ಪುರುಷ ಹಾರ್ಮೋನಿನ ಮಟ್ಟ ಕೊಂಚ ತಗ್ಗಿತು. ಬ್ರಿಟನ್ನಿನ 30 ದಿನಗಳ ಅಧ್ಯಯನದಲ್ಲಿ ವೈದ್ಯರು ಕಣ್ಣಾರೆ ಅಳೆದ ಕೂದಲಿನ ಪ್ರಮಾಣದಲ್ಲಿ ಬದಲಾವಣೆ ಕಾಣಲಿಲ್ಲ. ಯಾರಾದರೂ ಪ್ರಯತ್ನಿಸುವುದಾದರೆ ಬೇಕಾದ ಎಲೆ ತರಕಾರಿ ಗಾಡಿಯಲ್ಲೇ ಸಿಗುತ್ತದೆ.

ಎಚ್ಚರಿಕೆಗಳು

ಉಪಕಾರ ಮಾಡುವ ಗುಣವೇ ಅಪಕಾರವನ್ನೂ ಮಾಡುತ್ತದೆ. ಅನ್ನನಾಳ ಜಠರಕ್ಕೆ ಕೂಡುವಲ್ಲಿ ಬಿಗಿಯಾದ ಸ್ನಾಯುವಿನ ಬಳೆಯೊಂದಿದೆ. ಆಮ್ಲ ಮೇಲಕ್ಕೆ ಬರದಂತೆ ಅದು ಕಾಯುತ್ತದೆ. ಮೆಂಥಾಲ್ ಆ ಬಳೆಯನ್ನೂ ಸಡಿಲಿಸುತ್ತದೆ. ಹೊಟ್ಟೆ ಉಬ್ಬರಕ್ಕೆ ಹಿತವಾದ ಲೋಟ ಎದೆಯುರಿ, ಹುಳಿತೇಗು ಇರುವವರಿಗೆ ಅಹಿತ. ಎರಡನ್ನೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿನಿಂದ ಕರೆಯುವ ನಮ್ಮ ಅಭ್ಯಾಸ ಇಲ್ಲಿ ತೊಡಕು ತಂದೊಡ್ಡುತ್ತದೆ. ಕುಡಿದ ಮೇಲೆ ಎದೆ ಉರಿ ಹೆಚ್ಚಿದರೆ ಇದು ತಮಗಲ್ಲ ಎಂದು ತಿಳಿದು ಬಿಡುವುದು ಲೇಸು. ಪಿತ್ತಕೋಶದಲ್ಲಿ ಕಲ್ಲು ಇರುವವರೂ ವೈದ್ಯರನ್ನು ಕೇಳದೆ ಬಳಸಬಾರದು.

ಹೆಚ್ಚು ಜನ ಗಮನಿಸದ ಇನ್ನೊಂದು ಸಂಗತಿ ಕಬ್ಬಿಣಾಂಶದ್ದು. 1999ರಲ್ಲಿ ಹರೆಲ್ ಮತ್ತು ಸಹೋದ್ಯೋಗಿಗಳು ಬೇರೆ ಬೇರೆ ಪಾನೀಯಗಳನ್ನು ಬ್ರೆಡ್ಡಿನ ಊಟದ ಜೊತೆ ಕೊಟ್ಟು ಮೈಗೆ ಹತ್ತುವ ಕಬ್ಬಿಣವನ್ನು ಅಳೆದರು. ಕಪ್ಪು ಚಹಾ ಹೀರಿಕೆಯನ್ನು ಶೇ. 79ರಿಂದ 94ರಷ್ಟು ತಗ್ಗಿಸಿತು. ಪೆಪ್ಪರ್‌ಮಿಂಟ್ ಚಹಾ ಶೇ. 84ರಷ್ಟು. ಗಿಡಮೂಲಿಕೆಯದು, ಕೆಫೀನ್ ಇಲ್ಲ, ಆದ್ದರಿಂದ ಊಟದ ಜೊತೆಗೇ ಕುಡಿಯಬಹುದು ಎಂಬ ನಂಬಿಕೆಗೆ ಈ ಅಂಕಿ ಸರಿಯಾದ ಪೆಟ್ಟು. ಲೋಟಕ್ಕೆ ಚೆನ್ನಾಗಿ ಇಳಿಯುತ್ತವೆ ಎಂದು ಮೇಲೆ ಹೇಳಿದ ಪಾಲಿಫೀನಾಲುಗಳೇ ಕಬ್ಬಿಣವನ್ನು ಹಿಡಿದುಬಿಡುತ್ತವೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ರಾಗಿ, ಸೊಪ್ಪು, ಕಾಳುಗಳಿಂದ ಬರುವ ಕಬ್ಬಿಣವನ್ನೇ ನೆಚ್ಚಿದವರು, ಕಬ್ಬಿಣದ ಮಾತ್ರೆ ನುಂಗುವವರು ಊಟಕ್ಕೂ ಚಹಾಕ್ಕೂ ನಡುವೆ ಒಂದೆರಡು ಗಂಟೆ ಬಿಡುವುದು ಒಳ್ಳೆಯದು.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಈ ಚಹಾ ಸಲ್ಲದು. ಎಳೆಗೂಸುಗಳ ಮೂಗಿಗೆ ಮೆಂಥಾಲ್ ಇರುವ ಯಾವುದನ್ನೂ ಹಚ್ಚಬಾರದು. ಗಂಟಲು ಬಿಗಿದು ಉಸಿರು ನಿಲ್ಲುವ ಅಪಾಯವಿದೆ. ಬಸುರಿ ಬಾಣಂತಿಯರಲ್ಲಿ ಔಷಧದ ಪ್ರಮಾಣದ ಬಳಕೆ ಸುರಕ್ಷಿತವೆಂದು ಸಾಬೀತಾಗಿಲ್ಲ. ಎಲೆಯದಲ್ಲದ ದೋಷವೂ ಒಂದುಂಟು: ಹೊಲದಲ್ಲಿ ಜೊತೆಗೆ ಬೆಳೆದ ಕಳೆಗಳು ಕೊಯ್ಲಿನಲ್ಲಿ ಬೆರೆತು ಯಕೃತ್ತಿಗೆ ಹಾನಿ ಮಾಡುವ ಪೈರೊಲಿಜಿಡೀನ್ ಆಲ್ಕಲಾಯ್ಡುಗಳು ಪೊಟ್ಟಣಕ್ಕೆ ಬರುವುದನ್ನು ಜರ್ಮನಿಯ ಆಹಾರ ಸುರಕ್ಷಾ ತಜ್ಞರು 2013ರಲ್ಲಿ ಗುರುತಿಸಿದರು. ಆಮೇಲೆ ಯುರೋಪಿನಲ್ಲಿ ಇದಕ್ಕೆ ಮಿತಿ ಗೊತ್ತುಮಾಡಲಾಯಿತು.

ಭಾರತದಲ್ಲಿ

ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ರಾಂಪುರ, ಬದಾಯೂಂ ಜಿಲ್ಲೆಗಳಲ್ಲಿ ಮೆಂಥಾ ಎಂದು ಬೆಳೆಯುವುದು ಪೆಪ್ಪರ್‌ಮಿಂಟ್ ಅಲ್ಲ, ಜಪಾನ್ ಮೂಲದ ಮೆಂಥಾ ಅರ್ವೆನ್ಸಿಸ್. ಅದರ ತೈಲದಲ್ಲಿ ಮೆಂಥಾಲ್ ಎಷ್ಟು ಹೆಚ್ಚೆಂದರೆ ತಣಿಸಿದರೆ ಹರಳುಗಟ್ಟುತ್ತದೆ. ರೈತರು ಚಳಿಗಾಲದ ಕೊನೆಗೆ ನೆಟ್ಟು, ಮುಂಗಾರಿಗೆ ಮುಂಚೆ ಕೊಯ್ದು, ಊರಿನ ಟಂಕಿಯಲ್ಲೇ ಹಬೆಯಿಂದ ತೈಲ ಇಳಿಸುತ್ತಾರೆ. ಲಕ್ನೋದ ಸೀಮ್ಯಾಪ್ ಸಂಸ್ಥೆ ಕೊಟ್ಟ ಕೋಸಿಯಂಥ ತಳಿಗಳಿಂದ ಈ ಬೆಳೆ ಹಬ್ಬಿ, ಜಗತ್ತಿಗೆ ಬೇಕಾದ ನೈಸರ್ಗಿಕ ಮೆಂಥಾಲಿನ ಬಹುಪಾಲು ಇಂದು ಭಾರತದಿಂದ ಹೋಗುತ್ತದೆ. ಹರಳು ತೆಗೆದ ಮೇಲೆ ಉಳಿಯುವ ಅಗ್ಗದ ತೈಲವನ್ನು ಪೆಪ್ಪರ್‌ಮಿಂಟ್ ತೈಲಕ್ಕೆ ಬೆರೆಸುವುದು ವ್ಯಾಪಾರದ ಹಳೆಯ ಕೈಚಳಕ. ಪೆಪ್ಪರ್‌ಮಿಂಟಿನಲ್ಲಿ ಇರುವ, ಇದರಲ್ಲಿ ಇಲ್ಲದ ಮೆಂಥೋಫ್ಯುರಾನ್ ಎಂಬ ವಸ್ತುವಿನಿಂದ ಪರೀಕ್ಷಕರು ಕಲಬೆರಕೆ ಹಿಡಿಯುತ್ತಾರೆ. ಗ್ರಂಥಿಗೆ ಅಂಗಡಿಯಲ್ಲಿ ಪುದೀನ ಹೂ ಎಂದು ಕೊಡುವ ಸೂಜಿಯಂಥ ಬಿಳಿ ಹರಳು ಈ ಮೆಂಥಾಲೇ. ಓಮದ ಹೂ, ಕರ್ಪೂರಗಳ ಜೊತೆ ಸೀಸೆಯಲ್ಲಿ ಹಾಕಿಟ್ಟರೆ ಮೂರು ಗಟ್ಟಿ ಪದಾರ್ಥಗಳೂ ತಾವಾಗಿ ನೀರಾಗಿ ಅಮೃತಧಾರೆ ಎಂಬ ಹಳೆಯ ಮನೆಮದ್ದಾಗುತ್ತದೆ.

ನಿಜವಾದ ಪೆಪ್ಪರ್‌ಮಿಂಟಿಗೂ ಸೀಮ್ಯಾಪ್ ಕುಕ್ರೈಲ್ ಮುಂತಾದ ತಳಿಗಳನ್ನು ಕೊಟ್ಟಿದೆ. ಅದರ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ಆದರೆ ಕರ್ನಾಟಕ ಈ ಗಿಡಕ್ಕೆ ಸಹಜ ನೆಲೆಯಲ್ಲ. ತೊಡಕು ಬಿಸಿಲಿನ ತಾಪಕ್ಕಿಂತ ಹಗಲಿನ ಉದ್ದದ್ದು. ಪೆಪ್ಪರ್‌ಮಿಂಟ್ ದೀರ್ಘ ಹಗಲಿನ ಸಸ್ಯ. ಯುರೋಪಿನ ಬೇಸಿಗೆಯಂತೆ ದಿನಕ್ಕೆ 14-16 ಗಂಟೆ ಬೆಳಕು ಸಿಕ್ಕರೆ ಹೂ ಬಿಟ್ಟು, ಮೆಂಥೋನನ್ನು ಮೆಂಥಾಲ್ ಮಾಡುವ ಕೆಲಸವನ್ನು ಪೂರೈಸುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟುವುದಿಲ್ಲ. ಇಲ್ಲಿ ಗಿಡ ಹುಲುಸಾಗಿ ಹಬ್ಬಿದರೂ ಹೂ ಬಿಡುವುದು ಅಪರೂಪ, ತೈಲದಲ್ಲಿ ಪುಲೆಗೋನ್, ಮೆಂಥೋಫ್ಯುರಾನ್‌ಗಳ ಪಾಲು ಏರಿ ಪರಿಮಳ ಕೊಂಚ ಒರಟಾಗುತ್ತದೆ. ತೈಲದ ವ್ಯಾಪಾರಕ್ಕೆ ಇದು ದೋಷ, ಮನೆಯ ಲೋಟಕ್ಕೆ ಅಂಥ ದೋಷವೇನಲ್ಲ.

ತಾರಸಿಯಲ್ಲಿ ಬೆಳೆಸುವವರು ನರ್ಸರಿಯಿಂದ ತೊಟ್ಟುಳ್ಳ ಎಲೆಯ ಗಿಡವನ್ನೇ ನೋಡಿ ತಂದು, ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡದಲ್ಲಿ ನೆಡಬೇಕು. ಬೇರು ಕೆಳಗಿಳಿಯುವುದಕ್ಕಿಂತ ಕಾಂಡ ಪಕ್ಕಕ್ಕೆ ಓಡುವುದು ಹೆಚ್ಚು. ಬೇರೆ ಪುದೀನದ ಜೊತೆ ಒಂದೇ ಕುಂಡಕ್ಕೆ ಹಾಕಿದರೆ ಯಾವುದು ಯಾವುದೆಂದು ಬಿಡಿಸಲಾಗದಷ್ಟು ಹೆಣೆದುಕೊಳ್ಳುತ್ತವೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಆರದ ತೇವ ಇದ್ದರೆ ಸಾಕು. ಮಳೆಗಾಲದಲ್ಲಿ ಎಲೆಯ ತಳದಲ್ಲಿ ಕಿತ್ತಳೆ ಬಣ್ಣದ ತುಕ್ಕು ರೋಗ ಕಂಡರೆ ಆ ಕಾಂಡಗಳನ್ನು ಬುಡಕ್ಕೇ ಕತ್ತರಿಸಿ ಎಸೆಯಬೇಕು. ಹೊಸ ಚಿಗುರು ಸಾಮಾನ್ಯವಾಗಿ ಶುಚಿಯಾಗಿ ಬರುತ್ತದೆ. ಹೂವಿಗೆ ಕಾಯದೆ, ಎಲೆ ಬಲಿತು ಕಡುಹಸಿರಾದಾಗ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ದು, ಕಾಂಡ ಸಮೇತ ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ, ಮುಟ್ಟಿದರೆ ಗರಿಗರಿಯೆನ್ನುವಾಗ ಎಲೆಯನ್ನಷ್ಟೇ ಬಿಡಿಸಿ, ಪುಡಿ ಮಾಡದೆ, ಬೆಳಕು ತಾಗದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ವಾಸನೆ ಸೋರಿಹೋಗುತ್ತದೆ, ಪಕ್ಕದ ಸಾರಿನಪುಡಿಗೂ ಹತ್ತುತ್ತದೆ.